ಅಪ್‌ಡೇಟ್: ಕೊನೆಗೂ ಮಿರರ್‌ಲೆಸ್ ತಗೊಂಡೆ

ಮೊದಲ ಕ್ಯಾಮೆರಾಗೆ ನಿಕಾನ್ ಡಿ3500 (ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್) ಸರಿಯಾ, ಕ್ಯಾನನ್ ಆರ್50 (ಕನ್ನಡಿ ಇಲ್ಲದ ಮಿರರ್‌ಲೆಸ್) ಸರಿಯಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ಎಂದಿದ್ದಿರಿ. ಹಾಗೇ ಮಾಡಿದೆ. ಆರ್50 ಬಂದು ಮೂರು ತಿಂಗಳಾಯಿತು.

ತೂಕದ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಬ್ಯಾಟರಿ, ಕಾರ್ಡ್ ಸೇರಿ ನಿಕಾನ್ 415 ಗ್ರಾಂ, ಆರ್50 375 ಗ್ರಾಂ. ನಲವತ್ತು ಗ್ರಾಂ ಏನು ಮಹಾ! ವ್ಯತ್ಯಾಸ ಇರುವುದು ದಪ್ಪದಲ್ಲಿ. ಆರ್50 ಒಳಗೆ ಕನ್ನಡಿ ಇಲ್ಲ, ಹಾಗಾಗಿ ಲೆನ್ಸ್ ಕೂರುವ ಬಾಯಿಯಿಂದ (ಮೌಂಟ್) ಚಿತ್ರ ಹಿಡಿಯುವ ಸೆನ್ಸರ್‌ಗೆ 20 ಮಿಲಿಮೀಟರ್ ಸಾಕು. ಆ ನಿಕಾನ್‌ನಲ್ಲಿ 46.5 ಬೇಕು. ದಿನಾ ಒಯ್ಯುವ ಬ್ಯಾಗಿನಲ್ಲೇ ಇದು ಕೂತುಬಿಡುತ್ತದೆ.

ಆದರೆ ನನ್ನನ್ನು ಗೆದ್ದದ್ದು ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ. ಇದರಲ್ಲಿ ಅದೊಂದು ಪುಟ್ಟ ಸ್ಕ್ರೀನ್. ಮಗಳು ಕಿಟಕಿಗೆ ಬೆನ್ನು ಹಾಕಿ ಓದುತ್ತಾ ಕೂತಿದ್ದಳು. ಮುಖ ಕಪ್ಪಾಗುತ್ತದೆ ಎಂದು ಕ್ಲಿಕ್ ಮಾಡುವ ಮೊದಲೇ ಕಂಡಿತು. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದೆ (ಅಂದರೆ ದುಪ್ಪಟ್ಟು ಬೆಳಕು), ಕಣ್ಣೆದುರೇ ಮುಖ ಬೆಳಗಿತು. ಹಿಂದಿನ ಕಿಟಕಿಯೆಲ್ಲ ಬಿಳಿಯಾಯಿತು, ಇರಲಿ. ಡಿಎಸ್‌ಎಲ್‌ಆರ್‌ನ ಗಾಜಿನಲ್ಲಿ ಇದೆಲ್ಲ ಫೋಟೋ ತೆಗೆದ ಮೇಲೇ ಗೊತ್ತಾಗುವುದು, ಅಲ್ವಾ?

ಮಿರರ್‌ಲೆಸ್‌ನಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ನೀವು ಹೇಳಿದ್ದು ಮಾತ್ರ ನಿಜ. ಡಿ3500ಗೆ ಒಂದು ಚಾರ್ಜ್‌ಗೆ 1,550 ಫೋಟೋ ಎಂಬ ಲೆಕ್ಕವಿದೆ. ಮಿರರ್‌ಲೆಸ್‌ನಲ್ಲಿ ಸೆನ್ಸರ್, ಸ್ಕ್ರೀನ್ ಸದಾ ಆನ್ ಇರಬೇಕು, ಅಷ್ಟು ಬರುವುದಿಲ್ಲ. ಒಂದು ಮದುವೆಗೆ ಚಾರ್ಜ್ ಮಾಡದೇ ಹೋಗಿ, ಧಾರೆಯ ಹೊತ್ತಿಗೆ ಫೋನ್ ತೆಗೆದೆ. ತಪ್ಪು ನನ್ನದೇ. ಈಗ ಇನ್ನೊಂದು ಬ್ಯಾಟರಿ ಜೇಬಿನಲ್ಲಿರುತ್ತದೆ.

ಮುಂದೆ ಅಡಾಪ್ಟರ್ ತಗೊಂಡು ಅಣ್ಣನ ಹಳೆಯ ಇಎಫ್ 50 ಎಂಎಂ ಲೆನ್ಸ್ (ಕ್ಯಾನನ್ ಡಿಎಸ್‌ಎಲ್‌ಆರ್‌ನದು) ಹಾಕಬೇಕು. ಅವನು ಕೊಟ್ಟರೆ!