ಮಲೆನಾಡಿಗೆ ಬಂಡವಾಳ ತರುವ ಪ್ರಯತ್ನಗಳು ಆನಂದಪುರದ ಒಂದು ಸಣ್ಣ ಘಟಕದವರೆಗೆ ತಲುಪುವುದು ಹೇಗೆ?

ಪ್ರಶ್ನೆ — ಅನಾನಸ್ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರದ ಹಳ್ಳಿಯವಳು. ಹನ್ನೊಂದು ವರ್ಷ ಬೆಂಗಳೂರಿನ ಆಹಾರ ತಯಾರಿಕಾ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡಿ, ಕಳೆದ ವರ್ಷ ಊರಿಗೆ ಮರಳಿದ್ದೇನೆ. ನಮ್ಮ ಕಡೆ ಅಡಿಕೆ ತೋಟದ ಜೊತೆಗೆ ಖುಷ್ಕಿ ಜಮೀನಿನಲ್ಲಿ ಅನಾನಸ್ ಬೆಳೆಯುತ್ತಾರೆ. ಕೇರಳದಿಂದ ಬಂದು ಗೇಣಿಗೆ ಜಮೀನು ಹಿಡಿದು ಬೆಳೆಯುವವರೂ ಇದ್ದಾರೆ. ಹೂ ಬರಿಸುವ ಔಷಧಿಯನ್ನು ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಹಾಕಿಬಿಟ್ಟರೆ ಹಣ್ಣೂ ಒಟ್ಟಿಗೇ ಕೊಯ್ಲಿಗೆ ಬರುತ್ತದೆ. ಲಾರಿ ಎರಡು ದಿನ ತಡವಾದರೆ ರಾಶಿಯ ಅಡಿಯ ಹಣ್ಣು ರಸ ಒಸರಿ, ಜೇನುನೊಣ ಮುತ್ತಿ, ಮೂರನೆಯ ದಿನ ಹುಳಿ ವಾಸನೆ ಬರತೊಡಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಕೊಯ್ಯುವ ಕೂಲಿಯೂ ಹುಟ್ಟದೆ ಹಣ್ಣನ್ನು ಹೊಲದಲ್ಲಿಯೇ ಬಿಟ್ಟವರನ್ನು ನಾನು ಬಲ್ಲೆ. ಹಣ್ಣನ್ನು ಹೋಳು ಮಾಡಿ ಸಕ್ಕರೆ ಪಾಕದಲ್ಲಿ ಡಬ್ಬಿಗೆ ತುಂಬುವ, ಒಣಗಿಸುವ ಮತ್ತು ತಿರುಳು ತೆಗೆದಿಡುವ ಒಂದು ಸಣ್ಣ ಘಟಕವನ್ನು ಆರಂಭಿಸಬೇಕೆಂಬುದು ನನ್ನ ಉದ್ದೇಶ.

ನಮ್ಮ ಜಿಲ್ಲೆಗೆ ಬಂಡವಾಳ ತರುವ ಬಗ್ಗೆ ಸರ್ಕಾರಗಳು ಸಾಕಷ್ಟು ಮಾಡಿವೆ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಭರವಸೆಗಳು ಬಂದವೆಂದು ಪ್ರಕಟಿಸಲಾಯಿತು. ಅಲ್ಲಿಯೇ ಬಿಡುಗಡೆಯಾದ 2025-30ರ ಕೈಗಾರಿಕಾ ನೀತಿಯು 20 ಲಕ್ಷ ಉದ್ಯೋಗಗಳ ಗುರಿಯನ್ನು ಇಟ್ಟುಕೊಂಡಿದೆ. ಇವೆಲ್ಲವೂ ನನಗೆ ಸಂತೋಷ ಕೊಟ್ಟ ಸುದ್ದಿಗಳೇ. ಆದರೆ ಕಳೆದ ಏಳು ತಿಂಗಳಲ್ಲಿ ನಾನು ಮೂರು ಕಚೇರಿಗಳಿಗೆ ಅಲೆದಿದ್ದೇನೆ. ಬ್ಯಾಂಕಿನವರು ಭೂಪರಿವರ್ತನೆ ಆದೇಶ ತನ್ನಿ ಎಂದರು. ಭೂಪರಿವರ್ತನೆಗೆ ಹೋದಾಗ ಯೋಜನೆಗೆ ಅನುಮೋದನೆ ಇದೆಯೇ ಎಂದು ಕೇಳಿದರು. ಅನುಮೋದನೆಗೆ ಹೋದಾಗ ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಿದರು. ನಾನು ಯಾವ ತುದಿಯಿಂದ ಆರಂಭಿಸಬೇಕು? ನನ್ನಂಥವರ ಮಟ್ಟಿಗೆ ಸರ್ಕಾರದ ಪ್ರಯತ್ನ ಸರಿಯಾದ ದಾರಿಯಲ್ಲಿದೆಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ — ಎರಕದ ಕಸುಬಿನವ, ಶಿವಮೊಗ್ಗ

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಾನು ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಒಂದು ಸಣ್ಣ ಫೌಂಡ್ರಿ ನಡೆಸುತ್ತಿದ್ದೇನೆ. ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ದು ಹೊರ ಊರುಗಳಿಗೆ ಕಳುಹಿಸುವುದು ನಮ್ಮ ಕೆಲಸ.

ಸರ್ಕಾರದ ವ್ಯವಸ್ಥೆಯನ್ನು ಹೂಡಿಕೆಯ ಗಾತ್ರಕ್ಕೆ ತಕ್ಕಂತೆ ಮೂರು ಹಂತ ಮಾಡಿದ್ದಾರೆ. 15 ಕೋಟಿ ರೂಪಾಯಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯ ಮುಂದೆ ಬರುತ್ತವೆ, 15ರಿಂದ 500 ಕೋಟಿಯವರೆಗಿನವು ಕೈಗಾರಿಕಾ ಸಚಿವರ ಸಮಿತಿಗೆ ಹೋಗುತ್ತವೆ, ಅದಕ್ಕಿಂತ ದೊಡ್ಡವು ಮುಖ್ಯಮಂತ್ರಿಗಳ ಸಮಿತಿಗೆ ಹೋಗುತ್ತವೆ. ಪತ್ರಿಕೆಯಲ್ಲಿ ಬರುವುದು ಮೂರನೆಯ ಸಮಿತಿಯ ಸುದ್ದಿ. ನಿಮ್ಮ ಕಡತ ಇರುವುದು ಮೊದಲನೆಯದರಲ್ಲಿ, ಮತ್ತು ಮಲೆನಾಡಿನ ಉದ್ಯಮಗಳಲ್ಲಿ ಬಹುಪಾಲಿನ ಭವಿಷ್ಯ ನಿರ್ಧಾರವಾಗುವುದೂ ಅಲ್ಲಿಯೇ. ಆ ಸಮಿತಿ ಎಷ್ಟು ಬೇಗ ಸೇರುತ್ತದೆ, ಒಪ್ಪಿದ ಯೋಜನೆಗಳ ಬೆನ್ನು ಹತ್ತುವವರು ಯಾರಿದ್ದಾರೆ ಎಂಬುದನ್ನು ನಾವು ಕೇಳಬೇಕು. ಸಮಾವೇಶದ ಮೊತ್ತ ಎಷ್ಟಾಯಿತು ಎಂಬುದು ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ.

ವಿಮಾನ ನಿಲ್ದಾಣವನ್ನು ನಾನು ಕಡೆಗಣಿಸುವುದಿಲ್ಲ. ನಮ್ಮ ಗ್ರಾಹಕ ಕಂಪನಿಯ ಪರಿಶೀಲಕರು ಮೊದಲು ಶಿವಮೊಗ್ಗ ಎಂದರೆ ಎರಡು ದಿನದ ಪ್ರಯಾಣವೆಂದು ಮುಂದೂಡುತ್ತಿದ್ದರು, ಈಗ ಬರಲು ಒಪ್ಪುತ್ತಾರೆ. ಆದರೆ ಸರಕು ಹೋಗುವುದು ರಸ್ತೆಯ ಮೇಲೆಯೇ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ, ಮಳೆಗಾಲದಲ್ಲಿ ಹುಲಿಕಲ್ ಘಾಟಿ ಯಾವಾಗ ಕುಸಿಯುವುದೋ ಎಂಬ ಆತಂಕದಲ್ಲಿಯೇ ಕರಾವಳಿಯ ಲೋಡು ಕಳುಹಿಸುತ್ತೇವೆ.

ಎಲ್ಲಕ್ಕಿಂತ ಹೆಚ್ಚಾಗಿ ವಿದ್ಯುತ್ತಿನ ವಿಷಯ ಹೇಳಬೇಕು. ಕುಲುಮೆಯಲ್ಲಿ ಕಬ್ಬಿಣ ಕರಗಿ ಬಿಳಿಗೆಂಪಾಗಿ ನಿಂತಿರುವಾಗ ವಿದ್ಯುತ್ ಹೋದರೆ ನಮಗೆ ಸಿಗುವುದು ಕೆಲವೇ ನಿಮಿಷ. ಅಷ್ಟರೊಳಗೆ ಹೊಯ್ದು ಮುಗಿಸದಿದ್ದರೆ ಲೋಹ ಒಳಗೇ ಹೆಪ್ಪುಗಟ್ಟುತ್ತದೆ. ಅದನ್ನು ಒಡೆದು ತೆಗೆಯುವಾಗ ಕುಲುಮೆಯ ಒಳಪದರವೂ ಕಿತ್ತುಬರುತ್ತದೆ. ಕಳೆದ ಆಷಾಢದಲ್ಲಿ ಒಂದೇ ವಾರದಲ್ಲಿ ಎರಡು ಸಲ ನನಗೆ ಹೀಗಾಯಿತು. ಹನ್ನೆರಡು ಮಂದಿ ಕೆಲಸಗಾರರು ಸುತ್ತಿಗೆ, ಉಳಿ ಹಿಡಿದು ನಾಲ್ಕು ದಿನ ಅದನ್ನೇ ಕುಟ್ಟಿದರು. ಲಿಂಗನಮಕ್ಕಿ ಅಣೆಕಟ್ಟು, ಅದರ ಕೆಳಗೆ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಇರುವ ಜಿಲ್ಲೆ ಇದು. ಊರು, ಮನೆ, ಗದ್ದೆ ಮುಳುಗಿಸಿಕೊಂಡು ನಾಡಿಗೆ ಬೆಳಕು ಕೊಟ್ಟ ಜನರ ಮಕ್ಕಳು ಉದ್ಯಮ ಮಾಡಲು ಹೊರಟಾಗ ಅವರಿಗೆ ಮೊದಲು ಸಲ್ಲಬೇಕಾದದ್ದು ತಡೆಯಿಲ್ಲದ ವಿದ್ಯುತ್. ಸಹಾಯಧನ ಆಮೇಲೆ ಬಂದರೂ ಸಾಗುತ್ತದೆ.

ನಿಮಗೆ ನೇರವಾಗಿ ಅನ್ವಯಿಸುವ ಮಾತು: ಪಂಪ್‌ಸೆಟ್ ಲೈನಿನ ಮೂರು ಫೇಸನ್ನು ನಂಬಿ ಯಂತ್ರ ಕೊಳ್ಳಬೇಡಿ. ಆ ಲೈನಿನಲ್ಲಿ ದಿನಕ್ಕೆ ಕೆಲವೇ ತಾಸು ಮೂರು ಫೇಸ್ ಇರುತ್ತದೆ. ಕೈಗಾರಿಕಾ ಸಂಪರ್ಕಕ್ಕೆ ಪ್ರತ್ಯೇಕ ಟಿ.ಸಿ. (ವಿದ್ಯುತ್ ಪರಿವರ್ತಕ) ಬೇಕಾಗುತ್ತದೆಯೇ, ಕಂಬಗಳೆಷ್ಟು, ವೆಚ್ಚವೆಷ್ಟು ಎಂಬ ಅಂದಾಜುಪಟ್ಟಿಯನ್ನು ಈಗಲೇ ಮಾಡಿಸಿ ಯೋಜನಾ ವರದಿಯಲ್ಲಿ ಸೇರಿಸಿ.

ಉತ್ತರ — ಭದ್ರಾ ದಂಡೆಯವ

ತಂಗಿ, ನಿನ್ನ ಪ್ರಶ್ನೆ ಓದಿ ಬರೆಯದೆ ಇರಲಾಗಲಿಲ್ಲ. ನಾನು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಪ್ರದೇಶವೊಂದಕ್ಕೆ ಸರ್ಕಾರವೇ ಮುಂದೆ ನಿಂತು ಬಂಡವಾಳ ತಂದರೆ ಏನಾಗುತ್ತದೆ, ಆಮೇಲೆ ಕೈಬಿಟ್ಟರೆ ಏನಾಗುತ್ತದೆ ಎಂಬ ಎರಡನ್ನೂ ನಮ್ಮ ಊರು ಕಂಡಿದೆ.

ಮೈಸೂರು ಸಂಸ್ಥಾನವು 1918ರಲ್ಲಿ ಈ ಕಾರ್ಖಾನೆಗೆ ಅಡಿಪಾಯ ಹಾಕಿತು, 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಈ ಮೂರೂ ಕೈಗೆಟುಕುವ ದೂರದಲ್ಲಿದ್ದವು ಎಂಬ ಲೆಕ್ಕಾಚಾರದ ಮೇಲೆ ಜಾಗ ಆರಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ಕಷ್ಟದ ವರ್ಷಗಳಲ್ಲಿ ಅದರ ಆಡಳಿತವನ್ನು ವಹಿಸಿಕೊಂಡು ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಊರಿಗೆ ಗಡಿಯಾರವೇ ಬೇಕಿರಲಿಲ್ಲ. ಪಾಳಿ ಬದಲಾಗುವ ಸೈರನ್ ಕೂಗಿದರೆ ಹೆಂಗಸರು ಅನ್ನಕ್ಕೆ ಎಸರಿಡುತ್ತಿದ್ದರು, ಗೇಟಿನ ಮುಂದೆ ಬುತ್ತಿ ಕ್ಯಾರಿಯರ್‌ಗಳು ಸಾಲಾಗಿ ನಿಲ್ಲುತ್ತಿದ್ದವು.

ಆಮೇಲೆ ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಸ್ವಂತ ಗಣಿಯಿಲ್ಲದ ಉಕ್ಕಿನ ಕಾರ್ಖಾನೆ ಹೊರಗಿನಿಂದ ಅದಿರು ಕೊಂಡು ದೊಡ್ಡವರ ಜೊತೆ ಬೆಲೆಯಲ್ಲಿ ಸೆಣಸಲಾರದು. 1998ರಲ್ಲಿ ಕೇಂದ್ರ ಸರ್ಕಾರದ ಕಂಪನಿಯಾದ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ (ಸೇಲ್) ವಿಲೀನವಾದಾಗ ಹೊಸ ಬಂಡವಾಳ ಬರುತ್ತದೆಂದು ನಾವು ನಂಬಿದ್ದೆವು. 2016ರಲ್ಲಿ ಷೇರು ಮಾರಾಟದ ಪಟ್ಟಿಗೆ ಸೇರಿತು, ಕೊಳ್ಳುವವರು ಬರಲಿಲ್ಲ, 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರು ಬಂದು ನೋಡಿ ಪುನಶ್ಚೇತನದ ಮಾತಾಡಿದ್ದಾರೆ. ಕಾಗದದ ಕಾರ್ಖಾನೆಯಲ್ಲಿ 2015ರಿಂದ ಉತ್ಪಾದನೆ ಇಲ್ಲ. ಆ ಕ್ವಾರ್ಟರ್ಸ್ ಬೀದಿಗಳಲ್ಲಿ ಈಗ ಸಂಜೆ ನಡೆದರೆ ದೀಪವಿರುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದು.

ನಾನು ಇದನ್ನು ನಿನ್ನನ್ನು ಹೆದರಿಸಲು ಬರೆದಿಲ್ಲ. ಕಚ್ಚಾವಸ್ತು ಕೈತಪ್ಪಿದ ದಿನವೇ ನಮ್ಮ ಕಾರ್ಖಾನೆಯ ಬೇರು ಅಲುಗಿತು. ನಿನ್ನ ಅದಿರು ಅನಾನಸ್. ಅದು ನಿನ್ನ ಸುತ್ತ ಬೆಳೆಯುತ್ತದೆ. ಬೆಳೆಗಾರರ ಜೊತೆ ಬೆಲೆಯ ಒಪ್ಪಂದವನ್ನು ಕಟ್ಟಡಕ್ಕಿಂತ ಮೊದಲು ಮಾಡಿಕೋ.

ಉತ್ತರ — ಸಾಲ ವಿಭಾಗದಲ್ಲಿ ಇದ್ದವನು

ನಾನು ಬ್ಯಾಂಕಿನಲ್ಲಿ ಸಾಲ ಮಂಜೂರಾತಿಯ ಕೆಲಸ ಮಾಡಿದವನಾದ್ದರಿಂದ ಯಾವ ತುದಿಯಿಂದ ಆರಂಭಿಸಬೇಕೆಂಬುದನ್ನು ಮಾತ್ರ ಹೇಳುತ್ತೇನೆ.

ನಿಮಗೆ ಹೊಂದುವುದು ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಅಂದರೆ ಪಿಎಂಎಫ್‌ಎಂಇ. ಇದರಲ್ಲಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿರುವ ಬೆಳೆಯೇ ಅನಾನಸ್. ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಮೂಲ ಸಹಾಯಧನ. ಕರ್ನಾಟಕ ಸರ್ಕಾರ ಅದರ ಮೇಲೆ ಶೇಕಡಾ 15 ಸೇರಿಸಿ ಒಟ್ಟು ಶೇಕಡಾ 50, ಗರಿಷ್ಠ 15 ಲಕ್ಷ ಮಾಡಿದೆ. ನಿಮ್ಮ ಘಟಕಕ್ಕೆ 20 ಲಕ್ಷ ಬೇಕೆಂದು ಇಟ್ಟುಕೊಳ್ಳಿ. ನಿಮ್ಮ ಕೈಯಿಂದ ಕನಿಷ್ಠ 2 ಲಕ್ಷ, ಉಳಿದ 18 ಲಕ್ಷ ಬ್ಯಾಂಕ್ ಸಾಲ. 10 ಲಕ್ಷದ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲಿಯೇ ಬೇರೆ ಖಾತೆಯಲ್ಲಿ ಕೂರುತ್ತದೆ, ಮೂರು ವರ್ಷ ಘಟಕ ನಡೆದು ಕಂತುಗಳು ಸರಿಯಾಗಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಅನೇಕರು ಇದನ್ನು ತಿಳಿಯದೆ, ಸಹಾಯಧನದ ಹಣದಲ್ಲಿ ಸಕ್ಕರೆ, ಡಬ್ಬಿ ಕೊಳ್ಳಬಹುದೆಂದುಕೊಂಡು ಮೊದಲ ಹಂಗಾಮಿನಲ್ಲಿಯೇ ಸೋಲುತ್ತಾರೆ. ದುಡಿಯುವ ಬಂಡವಾಳವನ್ನು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ನಿಮ್ಮ ಹಣ್ಣು ಕೆಲವೇ ವಾರಗಳಲ್ಲಿ ಬಂದುಬೀಳುವುದರಿಂದ ನಿಮಗೆ ಇದು ಇನ್ನೂ ಮುಖ್ಯ.

ಅರ್ಜಿ ತುಂಬಿಸಲು ಜಿಲ್ಲೆಯಲ್ಲಿ ನೇಮಕವಾದ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ನೀವು ಹಣ ಕೊಡಬೇಕಾಗಿಲ್ಲ. ಇದು ಕಾಲಮಿತಿಯ ಯೋಜನೆಯಾದ್ದರಿಂದ ಅರ್ಜಿ ಹಾಕುವ ದಿನ ಅವಧಿಯನ್ನು ಅವರಿಂದಲೇ ಖಚಿತಪಡಿಸಿಕೊಳ್ಳಿ.

ಮೂರು ಕಚೇರಿಗಳ ಸುತ್ತು ಬಿಡಿಸಬೇಕಾದರೆ ಭೂಮಿಯಿಂದ ಆರಂಭಿಸಿ. ಪೂರ್ತಿ ಜಮೀನನ್ನು ಪರಿವರ್ತಿಸುವ ಅಗತ್ಯವಿಲ್ಲ. ಘಟಕಕ್ಕೆ ಬೇಕಾದ ಹತ್ತೋ ಹದಿನೈದೋ ಗುಂಟೆಗೆ 11-ಇ ನಕ್ಷೆ (ಜಮೀನಿನ ಒಂದು ಭಾಗವನ್ನು ಅಳೆದು ಬೇರ್ಪಡಿಸಿ ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ಅಷ್ಟಕ್ಕೆ ಮಾತ್ರ ಭೂಪರಿವರ್ತನೆಗೆ ಅರ್ಜಿ ಹಾಕಿ. ಅರ್ಜಿಯ ಸ್ವೀಕೃತಿಯೊಂದಿಗೆ ಬ್ಯಾಂಕಿನಲ್ಲಿ ಷರತ್ತುಬದ್ಧ ಒಪ್ಪಿಗೆ ಪತ್ರ ಕೇಳಬಹುದು. ಹಣ ಬಿಡುಗಡೆ ಮಾತ್ರ ಆದೇಶ ಬಂದ ಮೇಲೆ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಇಲ್ಲವೆಂದರೆ ಲಿಖಿತ ಕಾರಣ ಕೇಳಿ. ಜಿಲ್ಲಾ ಅಗ್ರಣಿ ಬ್ಯಾಂಕ್ ವ್ಯವಸ್ಥಾಪಕರ ಗಮನಕ್ಕೆ ತರಲು ಆ ಕಾಗದ ಬೇಕಾಗುತ್ತದೆ.

ಉತ್ತರ — ತೀರ್ಥಹಳ್ಳಿಯ ಅಡಿಕೆ ಬೆಳೆಗಾರ

ಭೂಮಿಯಿಂದ ಆರಂಭಿಸಿ ಎಂಬ ಸಲಹೆ ಪಹಣಿ ಸ್ವಚ್ಛವಾಗಿರುವವರಿಗೆ ಸರಿ. ಮಲೆನಾಡಿನಲ್ಲಿ ಅಂಥವರೆಷ್ಟು ಮಂದಿ? ನನ್ನ ತೋಟಕ್ಕೆ ಹೊಂದಿದ ಸೊಪ್ಪಿನಬೆಟ್ಟದಲ್ಲಿ ನಮ್ಮ ಅಜ್ಜನ ಕಾಲದಿಂದ ಸೊಪ್ಪು, ದರಕು (ಒಣಗಿದ ಎಲೆ) ತರುತ್ತೇವೆ. ಅದು ಬಳಕೆಯ ಹಕ್ಕು ಮಾತ್ರ, ಒಡೆತನವಲ್ಲ, ಅದರ ಮೇಲೆ ಬ್ಯಾಂಕ್ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಬಗರ್‌ಹುಕುಂ ಸಾಗುವಳಿದಾರರು, ಶರಾವತಿ ಮುಳುಗಡೆಯಿಂದ ಎದ್ದುಬಂದ ಕುಟುಂಬಗಳು ದಶಕಗಳಿಂದ ಹಕ್ಕುಪತ್ರಕ್ಕೆ ಕಾಯುತ್ತಿದ್ದಾರೆ. ಹೊರಗಿನ ಬಂಡವಾಳವನ್ನು ಕರೆಯುವ ಮುತುವರ್ಜಿಯಲ್ಲಿ ಕಾಲುಭಾಗವನ್ನು ಈ ಹಕ್ಕುಪತ್ರಗಳ ಇತ್ಯರ್ಥಕ್ಕೆ ಕೊಟ್ಟರೂ ಜಿಲ್ಲೆಯೊಳಗಿನ ಬಂಡವಾಳವೇ ಎದ್ದು ನಿಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಮಾತು. ಘಟ್ಟದ ಸೂಕ್ಷ್ಮ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆ ಬೇಡವೆನ್ನುವವನು ನಾನು. ಆದರೆ ಅದರರ್ಥ ಉದ್ಯಮವೇ ಬೇಡವೆಂದಲ್ಲ. ಅಡಿಕೆ ಬೆಳೆಗಾರರು ದಲ್ಲಾಳಿಗಳ ಕೈಯಲ್ಲಿ ನಲುಗುತ್ತಿದ್ದಾಗ 1939ರಲ್ಲಿ ಮ್ಯಾಮ್ಕೋಸ್ ಎಂಬ ಅಡಿಕೆ ಮಾರಾಟದ ಸಹಕಾರ ಸಂಘವನ್ನು ಕಟ್ಟಿಕೊಂಡರು. ಇಂದಿಗೂ ನನ್ನ ರಾಶಿ ಅಡಿಕೆ ಅಲ್ಲಿಯೇ ಟೆಂಡರಿಗೆ ಹೋಗುತ್ತದೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಮಹಿಳೆಯರು ಅಡಿಕೆ ಬೇಯಿಸಿದ ಚೊಗರಿನಿಂದಲೇ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನಾವು ತೊಗಟೆ ನೀರೆಂದು ಚೆಲ್ಲುತ್ತಿದ್ದುದು ಅಲ್ಲಿ ಸೀರೆಯ ಬಣ್ಣವಾಯಿತು. ನೀವೂ ಒಬ್ಬರೇ ಮಾಡುವ ಬದಲು ಬೆಳೆಗಾರರ ಸ್ವಸಹಾಯ ಗುಂಪನ್ನು ಜೊತೆಗಿಟ್ಟುಕೊಳ್ಳಿ. ಪಿಎಂಎಫ್‌ಎಂಇ ಯೋಜನೆಯಲ್ಲಿಯೇ ಆಹಾರ ಸಂಸ್ಕರಣೆ ಮಾಡುವ ಗುಂಪಿನ ಪ್ರತಿ ಸದಸ್ಯರಿಗೆ 40,000 ರೂಪಾಯಿಯವರೆಗೆ ಮೂಲ ಬಂಡವಾಳ ಸಿಗುತ್ತದೆ, ಮತ್ತು ಭದ್ರಾ ದಂಡೆಯ ಹಿರಿಯರು ಹೇಳಿದ ಹಣ್ಣಿನ ಒಪ್ಪಂದವೂ ಅಲ್ಲಿಯೇ ಆಗುತ್ತದೆ.

ಪ್ರಶ್ನೆ ಕೇಳಿದವರಿಂದ — ಅನಾನಸ್ ಸೀಮೆಯವಳು

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಜಮೀನಿನ ಪಹಣಿ ತಂದೆಯವರ ಹೆಸರಿನಲ್ಲಿ ಸ್ಪಷ್ಟವಾಗಿದೆ. ಆ ಮಟ್ಟಿಗೆ ನಾನು ಅದೃಷ್ಟವಂತಳೆಂಬುದು ತೀರ್ಥಹಳ್ಳಿಯವರ ಪತ್ರ ಓದಿದ ಮೇಲೆಯೇ ನನಗೆ ಅರಿವಾಯಿತು. ರಸ್ತೆಗೆ ಹತ್ತಿರವಿರುವ ಹನ್ನೆರಡು ಗುಂಟೆಯನ್ನು ಗುರುತಿಸಿದ್ದೇವೆ, ಸೋಮವಾರ 11-ಇ ನಕ್ಷೆಗೆ ಅರ್ಜಿ ಹಾಕುತ್ತೇನೆ. ಇಂದು ಬೆಳಿಗ್ಗೆ ಲೈನ್‌ಮನ್ ಅವರನ್ನು ಕರೆದುಕೊಂಡು ಹೋಗಿ ಟಿ.ಸಿ. ಇರುವ ಜಾಗದಿಂದ ನಮ್ಮ ಜಾಗಕ್ಕೆ ಅಳೆದೆವು: ಒಂಬತ್ತು ಕಂಬಗಳು ಬೇಕು, ನಡುವೆ ಎರಡು ದೊಡ್ಡ ಹಲಸಿನ ಮರಗಳಿವೆ. ಆ ಮರಗಳನ್ನು ಕಡಿಯದೆ ಲೈನು ತಿರುಗಿಸಿದರೆ ಹನ್ನೊಂದು ಕಂಬ. ಹನ್ನೊಂದಕ್ಕೇ ಅಂದಾಜುಪಟ್ಟಿ ಕೇಳಿದ್ದೇನೆ. ದುಡಿಯುವ ಬಂಡವಾಳದ ಲೆಕ್ಕವನ್ನು ಯೋಜನಾ ವರದಿಯಲ್ಲಿ ಹೊಸದಾಗಿ ಬರೆಯುತ್ತಿದ್ದೇನೆ. ನಮ್ಮ ಕೇರಿಯ ಸ್ವಸಹಾಯ ಗುಂಪಿನ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿ ಬೆಲೆಯ ಮಾತುಕತೆಗೆ ಭಾನುವಾರ ಬರಲು ಒಪ್ಪಿದ್ದಾರೆ. ಬ್ಯಾಂಕಿನಿಂದ ಲಿಖಿತ ಉತ್ತರ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.