ಓದುಗರ ಸ್ಪಂದನ: ಮೇ ತಿಂಗಳು ಪೂರ್ತಿ ಅಜ್ಜಿ ಊರಲ್ಲಿ?

ಕಳೆದ ವಾರ ಬೆಂಗಳೂರಿನ ಓದುಗರೊಬ್ಬರು ಬರೆದಿದ್ರು. ಗಂಡನ ಊರು ಇಂಡಿ ತಾಲ್ಲೂಕಿನ ಹಳ್ಳಿ, ಮೇ ತಿಂಗಳು ಪೂರ್ತಿ ಅಲ್ಲೇ ಇರಬೇಕು ಅಂತಾರೆ, ಒಂಬತ್ತು ಮತ್ತು ಐದು ವರ್ಷದ ಮಕ್ಕಳು ಬಿಸಿಲಿಗೆ, ಕರೆಂಟ್ ಹೋಗೋ ರಾತ್ರಿಗಳಿಗೆ ಹೆದರಿ ಅಳ್ತಾವೆ, ಒತ್ತಾಯ ಮಾಡಿ ಕರ್ಕೊಂಡು ಹೋಗೋದು ಸರಿನಾ? ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಮುಧೋಳದಿಂದ:
ಬಿಸಿಲು ಮಕ್ಕಳಿಗಲ್ಲ ತಾಯಿ, ನಿಮಗ ಹತ್ತೇತಿ. ನಮ್ಮ ಹುಡುಗ್ರು ಅದ ಬಿಸಿಲಾಗ ಬೆಳದಾವ.

(ಇದೇ ಧಾಟಿಯ ಪತ್ರಗಳು ಇನ್ನೂ ಇವೆ. ಒಂದು ಸಾಕು ಅನ್ನಿಸ್ತು.)

ವಿಜಯಪುರದಿಂದ:
ಬಸ್ಸಿಗೆ ಬರಬ್ಯಾಡ್ರಿ, ಸಣ್ಣ ಮಕ್ಕಳು ವಾಂತಿ ಮಾಡ್ಕೋತಾವ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡೀರಿ. ಐದು ತುಂಬಿದ ಕೂಸಿಗೆ ಬೇರೆ ಬರ್ತ್ ಬೇಕಂದ್ರ ಫುಲ್ ಟಿಕೆಟ್, 2016ರಿಂದ ಹಂಗೈತಿ. ಆಲಮಟ್ಟಿ ಹತ್ರ ಕೃಷ್ಣಾ ಹೊಳಿ ದಾಟೂವಾಗ ಮಕ್ಕಳನ್ನ ಕಿಟಕಿ ಕಡೆ ಕುಂದರಸ್ರಿ. ಗೋಲಗುಂಬಜ್‌ಕ ಮುಂಜಾನೆ ಲಗೂನ ಹೋಗ್ರಿ, ಮಂದಿ ಹೆಚ್ಚಾತಂದ್ರ ಎಲ್ಲಾರೂ ಒದರ್ತಾರ, ಪಿಸುಮಾತು ಕೇಳಂಗಿಲ್ಲ.

(ಕೇಳಿದ್ದು ಬೇರೆ, ಆದ್ರೂ ಉಪಯೋಗಕ್ಕೆ ಬರಬಹುದು. ಮುಂದಿನದು ಜಮಖಂಡಿ ಕಡೆಯ ಅಜ್ಜಿಯದು, ಕತ್ತರಿಸದೆ ಕೊಟ್ಟಿದ್ದೇವೆ.)

ನಿಮ್ಮ ಪತ್ರ ಓದಿ ನನ್ನ ಸೊಸಿನ ಬರದಾಳೇನೋ ಅನಿಸ್ತು. ಮಗ ಪುಣೇದಾಗ ಅದಾನ. ಹಿಂದ ಬಂದಾಗ ಸಣ್ಣ ಮೊಮ್ಮಗಳಿಗೆ ನಮ್ಮ ಪಾಯಖಾನಿಯೊಳಗ ಕೂಡಾಕ ಬರತಿದ್ದಿಲ್ಲ, ಹೊಟ್ಟಿ ಹಿಡಕೊಂಡ ಇರತಿತ್ತು, ಯಾರಿಗೂ ಹೇಳಲಿಲ್ಲ ಕೂಸು, ಆಮ್ಯಾಲ ಜ್ವರ ಬಂತು, ಅವಸರದಾಗ ಗಾಡಿ ಹತ್ತಿ ಹೋದ್ರು. ಅವ್ರು ಹೋದ ಮ್ಯಾಲ ನಮ್ಮ ಮನ್ಯಾವ್ರು ಕಬ್ಬಿನ ಬಿಲ್ ಬಂದ ರೊಕ್ಕದಾಗ ಕಮೋಡ್ ಕುಂದರಿಸಿದ್ರು, ಅದರ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಇನ್ನೂ ತೆಗದಿಲ್ಲ, ನಾವಿಬ್ರೂ ಅದನ್ನ ಬಳಸಂಗಿಲ್ಲ, ಕೂಲರ್ ಸೈತ ತಂದೀವಿ, ಮಗ ಫೋನ್ ಮಾಡಿದಾಗೊಮ್ಮೆ ರಜೆ ಇಲ್ಲವ್ವಾ ಅಂತಾನ, ಮೊಮ್ಮಗಳು ವಿಡಿಯೋದಾಗ ಹಾಯ್ ಅಜ್ಜಿ ಅಂದು ಓಡಿಹೋಗತೈತಿ. ತಿಂಗಳಗಟ್ಲೆ ಇರ್ರಿ ಅಂತ ನಾವೂ ಅನ್ನಂಗಿಲ್ಲ, ಮಕ್ಕಳು ಅಳಕೋತ ಇರೂದು ನಮಗೂ ನೋಡಾಕ ಆಗಂಗಿಲ್ಲ. ಏನ್ ತ್ರಾಸ ಐತಿ ಅಂತ ನಿಮ್ಮ ಅತ್ತಿ ಮುಂದ ಬಾಯಿಬಿಟ್ಟು ಹೇಳ್ರಿ. ನನಗ ಯಾರೂ ಹೇಳಲಿಲ್ಲ.

ಬಾಗಲಕೋಟೆಯ ಮಾಸ್ತರೊಬ್ಬರಿಂದ:
ಮೇ ಯಾಕ್ರಿ? ನಲವತ್ತು ಡಿಗ್ರಿ ದಾಟಿದಾಗ ಕರ್ಕೊಂಡ ಬಂದ್ರ ಮಕ್ಕಳಿಗೆ ನಮ್ಮ ಸೀಮಿ ಅಂದ್ರ ಬಿಸಿಲಷ್ಟ ನೆನಪುಳಿತೈತಿ. ಎಳ್ಳ ಅಮಾಸಿಗೆ ಬರ್ರಿ, ಡಿಸೆಂಬರ್ ಜನವರಿ ಸುಮಾರಿಗೆ, ಬಿಳಿಜೋಳ ಮಕ್ಕಳ ತಲಿ ಮುಚ್ಚೂವಂಗ ನಿಂತಿರತೈತಿ, ಹೊಲದಾಗ ಚರಗ ಚೆಲ್ಲಿ ಅಲ್ಲೇ ಕುಂತು ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗಿ. ಆಗಲಿಲ್ಲಂದ್ರ ದಸರಾ ಸೂಟಿ ಐತಿ, ಅಜ್ಜನ ಕೈಗೆ ಬನ್ನಿ ಕೊಟ್ಟು ಹೋಗ್ರಿ.

(ಹೋಗೋದು ಬಿಡೋದಷ್ಟೇ ಅಲ್ಲ, ಯಾವಾಗ, ಹೆಂಗೆ ಅನ್ನೋದೂ ಮುಖ್ಯ. ಬೆಳಗಾವಿಯ ಈ ಪತ್ರ ಅದಕ್ಕೇ ಕೊಟ್ಟಿದ್ದೇವೆ.)

ಒಲಿ ಮುಂದ ಯಾರು ಕೂಡ್ತಾರ ಅಂತ ಯಾರೂ ಕೇಳಲಿಲ್ಲಲ್ರೀ? ಮನಿ ತುಂಬ ಮಂದಿ, ಮೇ ತಿಂಗಳು, ಸೊಸಿ ಮುಂಜಾನಿಂದ ರೊಟ್ಟಿ ಬಡೀತಾಳ, ಮಗ ಗೆಳ್ಯಾರ ಕೂಡ ಕಟ್ಟಿ ಮ್ಯಾಲ ಕುಂತಿರ್ತಾನ. ಒಂದ್ ವಾರ ಅಪ್ಪ ಒಬ್ಬನ ಮಕ್ಕಳನ್ನ ಕರ್ಕೊಂಡ ಹೋಗ್ಲಿ, ಜಳಕ, ಊಟ, ರಾತ್ರಿ ಕಥಿ ಎಲ್ಲ ಅವನ ನೋಡ್ಲಿ. ಅಜ್ಜ ಅಜ್ಜಿಗೂ ಮಗ ಸಿಕ್ಕಂಗಾಗತೈತಿ.

(ಜಮಖಂಡಿಯ ಪತ್ರದ ಪ್ರತಿಯೊಂದನ್ನ ಪ್ರಶ್ನೆ ಕೇಳಿದವರಿಗೆ ಕಳಿಸಿದ್ದೇವೆ. ಯಜಮಾನರೂ ಓದಲಿ.)