ಹನ್ನೆರಡರ ಮಗಳ ಕೈಗೆ ಕಮಲಾ ಖಾನ್: ಓದಿದವರ ಅನುಭವ ಬೇಕಾಗಿದೆ

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಹನ್ನೆರಡು ವರ್ಷ. ಗೆಳತಿಯ ಮನೆಯಲ್ಲಿ 'ಮಿಸ್ ಮಾರ್ವೆಲ್' ಕಾಮಿಕ್ಸ್‌ನ ನಡುವಿನ ಯಾವುದೋ ಸಂಪುಟವನ್ನು ಓದಿ ಬಂದವಳು ಇಡೀ ಸರಣಿಯೇ ಬೇಕೆಂದು ಹಟ ಹಿಡಿದಿದ್ದಾಳೆ. ಚಿಕ್ಕಂದಿನಲ್ಲಿ ಅಮರ ಚಿತ್ರ ಕಥೆಯನ್ನು ಬಿಟ್ಟರೆ ಬೇರೆ ಕಾಮಿಕ್ಸ್ ಓದಿದವಳು ನಾನಲ್ಲ. ನಾಯಕಿ ಕಮಲಾ ಖಾನ್ ಜೆರ್ಸಿ ಸಿಟಿಯ, ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿ ಎಂಬುದಷ್ಟೇ ನನಗೆ ಗೊತ್ತು. ಅಂಗಡಿಯಲ್ಲಿ ನೋಡಿದರೆ ಒಂದೇ ಹೆಸರಿನ ಹತ್ತಾರು ಪುಸ್ತಕಗಳಿದ್ದವು. ಎಲ್ಲಿಂದ ಆರಂಭಿಸಬೇಕು, ಈ ವಯಸ್ಸಿನವರು ಓದಬಹುದೇ, ಧರ್ಮದ ವಿಷಯವನ್ನು ಹೇಗೆ ತಂದಿದ್ದಾರೆ ಎಂಬುದನ್ನು ಓದಿದವರು ತಿಳಿಸಿದರೆ ಉಪಕಾರವಾಗುತ್ತದೆ. ಕಥೆಯ ಹೆಸರಿನಲ್ಲಿ ಉಪದೇಶ ತುಂಬಿರಬಹುದೆಂಬ ಅನುಮಾನ ನಮ್ಮ ಮನೆಯವರಿಗಿದೆ.

ಉತ್ತರ (ಜೆರ್ಸಿ ಸಿಟಿ, ಶಾಲಾ ಗ್ರಂಥಾಲಯದಲ್ಲಿ ಸ್ವಯಂಸೇವಕಿ)

ಮೊದಲು ಸಂಖ್ಯೆಗಳ ಗೊಂದಲವನ್ನು ಬಿಡಿಸುತ್ತೇನೆ, ಏಕೆಂದರೆ ಗ್ರಂಥಾಲಯಕ್ಕೆ ಬರುವ ಪೋಷಕರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಈ ಸರಣಿಯ ಮೊದಲ ಸಂಚಿಕೆ ಬಂದದ್ದು 2014ರ ಫೆಬ್ರುವರಿಯಲ್ಲಿ. 19 ಸಂಚಿಕೆಗಳ ಬಳಿಕ, 2015ರ ಕೊನೆಯಲ್ಲಿ, ಪ್ರಕಾಶಕರಾದ ಮಾರ್ವೆಲ್‌ನವರು ಮತ್ತೆ ಒಂದನೇ ಸಂಖ್ಯೆಯಿಂದಲೇ ಎಣಿಕೆ ಶುರು ಮಾಡಿದರು. ಆ ಎರಡನೆಯ ಸುತ್ತು 38 ಸಂಚಿಕೆಗಳಾಗಿ 2019ರ ತನಕ ನಡೆಯಿತು. ಎರಡೂ ಸುತ್ತುಗಳ ಬರವಣಿಗೆ ಜಿ. ವಿಲೋ ವಿಲ್ಸನ್ ಅವರದು, ಕಥೆಯೂ ಒಂದೇ ಧಾರೆಯಲ್ಲಿ ಸಾಗುತ್ತದೆ. ಪುಸ್ತಕ ರೂಪದಲ್ಲಿ ಇವು ಒಂದರಿಂದ ಹತ್ತರವರೆಗಿನ ಸಂಪುಟಗಳಾಗಿ ಬಂದಿವೆ. ಆದ್ದರಿಂದ ಒಳಗಿನ ಸಂಚಿಕೆಗಳ ಸಂಖ್ಯೆಯನ್ನು ನೋಡದೆ, ಬೆನ್ನಿನ ಮೇಲಿನ ಸಂಪುಟ ಸಂಖ್ಯೆಯನ್ನಷ್ಟೇ ನೋಡಿ ತೆಗೆದುಕೊಳ್ಳಿ. 2019ರ ನಂತರದ ಸರಣಿಯನ್ನು ಬರೆದವರು ಸಲಾದಿನ್ ಅಹ್ಮದ್. ಅದನ್ನು ಈ ಹತ್ತನ್ನು ಓದಿ ಮುಗಿಸಿದ ಮೇಲೆ ನೋಡಬಹುದು.

ಆರಂಭ ಮೊದಲ ಸಂಪುಟದಿಂದಲೇ ಆಗಲಿ. ಮೊದಲ ಐದು ಸಂಚಿಕೆಗಳಿರುವ ಆ ಪುಸ್ತಕಕ್ಕೆ 2015ರಲ್ಲಿ, ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಹುಡುಗಿಯ ವಯಸ್ಸು ಹದಿನಾರು. ಮನೆಯಲ್ಲಿ ಬೇಡವೆಂದರೂ ಕದ್ದು ಒಂದು ಪಾರ್ಟಿಗೆ ಹೋಗುತ್ತಾಳೆ. ಊರನ್ನೆಲ್ಲ ಕವಿದ ವಿಚಿತ್ರ ಮಂಜಿನಲ್ಲಿ ಸಿಲುಕಿ, ಬೇಕೆಂದಂತೆ ದೇಹವನ್ನು ಹಿಗ್ಗಿಸುವ, ಕುಗ್ಗಿಸುವ, ರೂಪವನ್ನೇ ಬದಲಿಸುವ ಶಕ್ತಿ ಪಡೆಯುತ್ತಾಳೆ. ತಾನು ಆರಾಧಿಸುವ ಅತಿಮಾನವ ನಾಯಕಿ ಕ್ಯಾಪ್ಟನ್ ಮಾರ್ವೆಲ್‌ಳಂತಾಗಬೇಕೆಂದು ಬಯಸಿದ್ದಕ್ಕೆ, ಮೊದಲು ಅವಳಿಗೆ ಸಿಗುವುದು ಆ ನಾಯಕಿಯ ಹೊಂಬಣ್ಣದ ಕೂದಲು, ತೊಡೆಯವರೆಗಿನ ಬೂಟು ಮತ್ತು ತುಂಡು ಉಡುಪು. ಹಾಕಿಕೊಂಡ ಮೇಲೆ ಅದು ಎಷ್ಟು ಕಿರಿಕಿರಿಯದೆಂದು ಗೊತ್ತಾಗುವ ಪುಟಗಳಲ್ಲಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ನ್ಯೂಜೆರ್ಸಿಯಲ್ಲಿರುವ ನಿಮಗೆ ಇನ್ನೊಂದು ಕುತೂಹಲದ ಸಂಗತಿ. ಈ ಪ್ರಕಾಶಕರ ಅತಿಮಾನವರಲ್ಲಿ ಬಹುಪಾಲು ಜನರ ಠಿಕಾಣಿ ಮ್ಯಾನ್‌ಹಟನ್. ಕಮಲಾ ಮಾತ್ರ ಹಡ್ಸನ್ ನದಿಯ ಈಚೆ ದಡದವಳು. ಸಂಪಾದಕಿ ಸನಾ ಅಮಾನತ್ ನ್ಯೂಜೆರ್ಸಿಯಲ್ಲೇ ಬೆಳೆದವರು. ಅವರು ತಮ್ಮ ಬಾಲ್ಯದ ಕಥೆಗಳನ್ನು ಸಹೋದ್ಯೋಗಿ ಸ್ಟೀಫನ್ ವ್ಯಾಕರ್ ಅವರಿಗೆ ಹೇಳುತ್ತಿದ್ದಾಗಲೇ ಈ ಪಾತ್ರದ ಯೋಚನೆ ಹುಟ್ಟಿತು. ಮೊದಲ ಸಂಪುಟಗಳ ಖಳನಾಯಕ, ನಂಬಿದರೆ ನಂಬಿ, ಗಿಣಿಯ ತಲೆಯುಳ್ಳ ಥಾಮಸ್ ಎಡಿಸನ್ ತದ್ರೂಪಿ. ಆ ವಿಜ್ಞಾನಿಯ ಹೆಸರನ್ನೇ ಹೊತ್ತ ನಿಮ್ಮ ಊರಿನ ಹುಡುಗಿಗೆ ಈ ತಮಾಷೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಉತ್ತರ (ಮಂಗಳೂರಿನವಳು, ಈಗ ಷಿಕಾಗೋ)

ಅಕ್ಕ, ಧರ್ಮದ ಬಗ್ಗೆ ಕೇಳಿದ್ದೀರಿ, ಆದ್ದರಿಂದ ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಾವು ಬ್ಯಾರಿಗಳು. ಕಮಲಾಳ ಮನೆ ಕರಾಚಿ ಮೂಲದ್ದು, ಉರ್ದುವಿನದು. ಅವಳ ಮನೆಯ ಊಟ, ಮದುವೆ, ಮಾತು ಯಾವುದೂ ನಮ್ಮ ಕರಾವಳಿಯದಲ್ಲ. ಆದ್ದರಿಂದ 'ಮುಸ್ಲಿಮರು ಹೀಗಿರುತ್ತಾರೆ' ಎಂದು ತಿಳಿಯುವುದಕ್ಕಾಗಿ ಇದನ್ನು ಓದಿಸುವುದು ಬೇಡ. ಆದರೆ ದಿನದಿನದ ಬದುಕಿನಲ್ಲಿ ದೀನು, ಅಂದರೆ ಧರ್ಮ, ಹೇಗೆ ಬೆರೆತಿರುತ್ತದೆ ಎಂಬುದನ್ನು ನನಗೆ ಪರಿಚಿತವಾದ ರೀತಿಯಲ್ಲಿ ತೋರಿಸಿದ ಅಮೆರಿಕನ್ ಕಾಮಿಕ್ಸ್ ಇದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಮೊದಲ ಪುಟವನ್ನೇ ನೋಡಿ. ಮೂಲೆಯಂಗಡಿಯಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತ ಹುಡುಗಿ, ತಾನು ತಿನ್ನಬಾರದ ಹಂದಿಮಾಂಸದ ಸ್ಯಾಂಡ್‌ವಿಚ್‌ನ ವಾಸನೆಯನ್ನಷ್ಟೇ ಹೀರುತ್ತಿದ್ದಾಳೆ. ಪಕ್ಕದಲ್ಲಿ ನಿಂತ ಗೆಳತಿ ನಕಿಯಾ, ತಿನ್ನು ಇಲ್ಲವೇ ಬಿಡು ಎನ್ನುವ ಧಾಟಿಯಲ್ಲಿ ಗದರುತ್ತಾಳೆ. ಇದನ್ನು ಹೊರಗಿನವರು ಅವಹೇಳನ ಎಂದುಕೊಳ್ಳಬಹುದು. ನಿಷೇಧವಿರುವ ಮನೆಯಲ್ಲಿ ಬೆಳೆದ ಯಾರೂ ಹಾಗೆಂದುಕೊಳ್ಳುವುದಿಲ್ಲ. ಅದೇ ಸಂಚಿಕೆಯಲ್ಲಿ ಝೋಯಿ ಎಂಬ ಸಹಪಾಠಿ, ನಕಿಯಾ ತಲೆಗೆ ಸುತ್ತಿಕೊಂಡ ವಸ್ತ್ರವನ್ನು ನೋಡಿ, ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಅತಿ ಕಾಳಜಿಯಿಂದ ವಿಚಾರಿಸುತ್ತಾಳೆ. ವಾಸ್ತವವಾಗಿ ನಕಿಯಾಳ ತಂದೆಗೆ ಮಗಳು ಅದನ್ನು ತೆಗೆದರೇ ಸಮಾಧಾನ. ಇದೊಂದು ತಾತ್ಕಾಲಿಕ ಹುಚ್ಚು ಎಂದು ಅವರ ಅಭಿಪ್ರಾಯ. ಕಮಲಾಳೋ ತಲೆಗೆ ವಸ್ತ್ರ ಹಾಕುವುದೇ ಇಲ್ಲ. ಇಬ್ಬರೂ ಪ್ರಾಣಸ್ನೇಹಿತೆಯರು, ಈ ವಿಷಯಕ್ಕೆ ಅವರ ನಡುವೆ ಒಂದು ಜಗಳವೂ ಇಲ್ಲ. ನನ್ನ ಅಕ್ಕ ಸ್ಕಾರ್ಫ್ ಹಾಕುತ್ತಾಳೆ, ನಾನು ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಅದು ಚರ್ಚೆಯ ವಿಷಯವೇ ಅಲ್ಲ ಎಂದರೆ ನಂಬದವರಿಗೆ ನಾನು ಈ ಪುಟಗಳನ್ನು ತೋರಿಸುವುದುಂಟು.

ಮೂರನೆಯ ಸಂಚಿಕೆಯ ಮಸೀದಿಯ ದೃಶ್ಯದ ಬಗ್ಗೆ ನಮ್ಮವರಲ್ಲಿಯೇ ಎರಡು ಅಭಿಪ್ರಾಯಗಳಿವೆ. ಹೆಣ್ಣುಮಕ್ಕಳು ಪರದೆಯ ಹಿಂದೆ ಕುಳಿತು ಶೇಖ್ ಅಬ್ದುಲ್ಲಾ ಅವರ ಪಾಠ ಕೇಳಬೇಕು. ಕಮಲಾ ಅಲ್ಲಿಂದಲೇ ತಕರಾರು ತೆಗೆಯುತ್ತಾಳೆ. ಇಂಥ ಮಾತುಗಳನ್ನು ಹೊರಗಿನವರ ಎದುರು ಆಡಬೇಕಿತ್ತೇ ಎಂದು ನನ್ನ ಪರಿಚಯದ ಹಿರಿಯರೊಬ್ಬರು ಬೇಸರಪಟ್ಟರು. ನನಗೆ ಹಾಗೆನಿಸಲಿಲ್ಲ. ಆಡಿದ್ದು ಒಳಗಿನ ಹುಡುಗಿ, ಒಳಗೆ ಕುಳಿತೇ ಆಡಿದ್ದು, ಆಡಿದ ಮೇಲೂ ಅವಳು ಅಲ್ಲಿಯವಳಾಗಿಯೇ ಉಳಿಯುತ್ತಾಳೆ. ಇದರ ಮುಂದುವರಿಕೆ ಎರಡನೆಯ ಸಂಪುಟದಲ್ಲಿದೆ: ರಾತ್ರಿ ತಡವಾಗಿ ಬರುವ ಮಗಳಿಗೆ ಬುದ್ಧಿ ಹೇಳಲೆಂದು ತಂದೆತಾಯಿ ಅವಳನ್ನು ಅದೇ ಶೇಖ್ ಅಬ್ದುಲ್ಲಾ ಅವರ ಬಳಿಗೆ ಕಳುಹಿಸುತ್ತಾರೆ. ಓದುಗರು ಬೈಗುಳವನ್ನು ನಿರೀಕ್ಷಿಸುತ್ತಾರೆ. ಅವರಾದರೋ, ಮಾಡುವುದನ್ನು ಧೈರ್ಯ, ಪ್ರಾಮಾಣಿಕತೆ, ಕರುಣೆ, ಆತ್ಮಗೌರವಗಳೊಂದಿಗೆ ಮಾಡು, ಜೊತೆಗೆ ಒಬ್ಬ ಗುರುವನ್ನೂ ಹುಡುಕಿಕೋ ಎಂದು ಹೇಳಿ ಕಳುಹಿಸುತ್ತಾರೆ. ಬಳಿಕ ಸಿಗುವ ಗುರು ವುಲ್ವರಿನ್ ಎಂಬ ಒರಟು ಅತಿಮಾನವ ಎಂಬುದು ಬೇರೆ ಮಾತು!

ವಿಲ್ಸನ್ ಅವರು ತಾವೇ ಇಸ್ಲಾಂ ಸ್ವೀಕರಿಸಿದ ಅಮೆರಿಕನ್, ಕೈರೋದಲ್ಲಿ ಕೆಲವು ಕಾಲ ಇದ್ದು ಬರೆದವರು. ಅವರ ಕಥೆಯಲ್ಲಿ ಧರ್ಮ ಭಾಷಣವಾಗಿ ಬರುವುದು ಬಹಳ ಕಡಿಮೆ. ಮುಳುಗುತ್ತಿರುವ ಝೋಯಿಯನ್ನು ಎತ್ತುವಾಗ ತಂದೆ ಹೇಳುತ್ತಿದ್ದ ಕುರ್‌ಆನ್ ವಾಕ್ಯವೊಂದು, ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬುದು, ಹುಡುಗಿಗೆ ನೆನಪಾಗುತ್ತದೆ. ನೆನಪಾಗಿ ಹೋಗುತ್ತದೆ, ಅಷ್ಟೆ. ಅಣ್ಣ ಆಮಿರ್ ಸದಾ ಪ್ರಾರ್ಥನೆಯಲ್ಲಿರುತ್ತಾನೆ, ಕೆಲಸ ಹುಡುಕುವುದಿಲ್ಲ. ಊಟದ ಮೇಜಿನಲ್ಲಿ ಅಪ್ಪ ಅವನನ್ನು ಚುಚ್ಚುತ್ತಾರೆ. ಗಡ್ಡ ಬಿಟ್ಟ ಧರ್ಮನಿಷ್ಠ ಯುವಕನನ್ನು ಅಮೆರಿಕದ ಪರದೆಯ ಮೇಲೆ ಕಂಡರೆ ಮುಂದೆ ಏನಾಗುತ್ತದೆಂದು ನಾವು ಮೊದಲೇ ಊಹಿಸಿಬಿಡುತ್ತೇವೆ. ಇಲ್ಲಿ ಅವನೊಬ್ಬ ಪಾಪದ ಅಣ್ಣ. ಮುಂದಿನ ಸಂಪುಟಗಳಲ್ಲಿ ಅವನ ಮದುವೆಯೂ ಆಗುತ್ತದೆ, ಹುಡುಗಿ ಆಫ್ರಿಕನ್ ಅಮೆರಿಕನ್ ಕುಟುಂಬದವಳು. ಆಗ ಮನೆಮಂದಿಯ ಮುಖಗಳನ್ನು ಗಮನಿಸಿ. ಉಪದೇಶವಿದೆಯೇ ಎಂದು ಕೇಳಿದ ನಿಮ್ಮ ಮನೆಯವರಿಗೆ ನನ್ನ ಉತ್ತರ ಆ ಊಟದ ಮೇಜು.

ಉತ್ತರ (ಬೆಂಗಳೂರು, ಕಾಮಿಕ್ಸ್ ಸಂಗ್ರಾಹಕ)

ಮೇಲಿನವರು ಕಥೆಯ ಬಗ್ಗೆ ಹೇಳಿದ್ದಾರೆ. ನಾನು ಚಿತ್ರಗಳ ಬಗ್ಗೆ ಹೇಳುತ್ತೇನೆ. ಮುಖ್ಯ ಕಲಾವಿದ ಏಡ್ರಿಯನ್ ಅಲ್ಫೋನಾ. ಇವರ ಚೌಕಟ್ಟುಗಳ ಹಿನ್ನೆಲೆಯಲ್ಲಿ, ಅಂಗಡಿಯ ಡಬ್ಬಿಗಳ ಮೇಲೆ, ಗೋಡೆಗಳ ಮೇಲೆ ಸಣ್ಣ ಸಣ್ಣ ತಮಾಷೆಗಳು ಅಡಗಿರುತ್ತವೆ. ಮೊಬೈಲ್ ಪರದೆಯಲ್ಲಿ ಅವು ಕಾಣುವುದಿಲ್ಲವಾದ್ದರಿಂದ ಮುದ್ರಿತ ಪುಸ್ತಕವನ್ನೇ ಕೊಡಿಸಿ. ಕಮಲಾಳ ಕೈ ಚಾವಣಿ ಮುಟ್ಟುವಷ್ಟು ಬೆಳೆಯುವುದು, ಕಾಲು ಲಾಂದ್ರದ ಕಂಬದಂತಾಗುವುದು ಇವರ ರೇಖೆಯಲ್ಲಿ ಚಂದವಾಗಿ ಕಾಣುವುದಿಲ್ಲ, ಚಂದ ಕಾಣಲೆಂದು ಬರೆದದ್ದೂ ಅಲ್ಲ. ಹದಿಹರೆಯದಲ್ಲಿ ಮೈ ಹೇಳಿದಂತೆ ಕೇಳದಿರುವುದನ್ನು ಇಷ್ಟು ಚೆನ್ನಾಗಿ ಬರೆದವರು ಕಡಿಮೆ. ಜೇಮೀ ಮೆಕೆಲ್ವಿ ವಿನ್ಯಾಸ ಮಾಡಿದ ಉಡುಪನ್ನೂ ಗಮನಿಸಬೇಕು. ಕಥೆಯ ಪ್ರಕಾರ ಕಮಲಾ ಅದನ್ನು ಮನೆಯಲ್ಲಿದ್ದ ಬುರ್ಕಿನಿಯಿಂದ (ಮೈ ಮುಚ್ಚುವ ಈಜುಡುಗೆ) ಮಾಡಿಕೊಳ್ಳುತ್ತಾಳೆ, ನೋಡಲು ಕುರ್ತಾದ ಹಾಗೆಯೂ ಇದೆ.

ಇದೇ ಪ್ರಕಾಶಕರು 2002ರಲ್ಲಿ ಡಸ್ಟ್ ಎಂಬ ಅಫ್ಘಾನ್ ಹುಡುಗಿಯನ್ನು ತಂದಿದ್ದರು. ಮರಳಾಗಿ ಬದಲಾಗುವ ಶಕ್ತಿಯ ಆ ಪಾತ್ರ ಅಡಿಯಿಂದ ಮುಡಿಯವರೆಗೆ ಕಪ್ಪು ವಸ್ತ್ರದಲ್ಲಿತ್ತು, ಮತ್ತು ಬೇರೆಯವರ ಗುಂಪಿನಲ್ಲಿ ಒಬ್ಬಳಾಗಿತ್ತು. ಕಮಲಾಳಿಗೆ ತನ್ನದೇ ಪುಸ್ತಕ, ತನ್ನದೇ ಬೀದಿ, ತನ್ನದೇ ಅಡುಗೆಮನೆ ಸಿಕ್ಕಿತು. ನನ್ನ ಲೆಕ್ಕದಲ್ಲಿ ದೊಡ್ಡ ಹೆಜ್ಜೆ ಅದು.

ಒಂದು ಎಚ್ಚರಿಕೆಯ ಮಾತೂ ಇದೆ. ನಾಲ್ಕನೆಯ ಸಂಪುಟದಲ್ಲಿ ಜಗತ್ತೇ ಮುಗಿಯುವ ಹಾಗೆ ತೋರಿಸುತ್ತಾರೆ, ಆರನೆಯದರಲ್ಲಿ ನಾಯಕರು ಎರಡು ಬಣವಾಗುತ್ತಾರೆ. ಇವೆರಡೂ ಬೇರೆ ಪುಸ್ತಕಗಳಿಂದ ಹರಿದುಬಂದ ಘಟನೆಗಳು. ಅವನ್ನೆಲ್ಲ ಕೊಂಡು ಓದುವ ಅಗತ್ಯವಿಲ್ಲ. 'ಆಚೆ ಏನೋ ದೊಡ್ಡ ಗಲಾಟೆ ನಡೆದಿದೆ' ಎಂದುಕೊಂಡರೆ ಸಾಕು, ಕಮಲಾಳ ಕಥೆ ಕೈತಪ್ಪುವುದಿಲ್ಲ.

ಉತ್ತರ (ಮಿಸಿಸಾಗ, ಕೆನಡಾ)

ನಿಮ್ಮ ಮಗಳ ವಯಸ್ಸಿಗೆ ಅಡ್ಡಿಯಿಲ್ಲ. ಮೊದಲ ಸಂಪುಟದಲ್ಲಿ, ಪಾರ್ಟಿಯಲ್ಲಿ ಕಿತ್ತಳೆ ರಸವೆಂದು ಹೇಳಿ ಮದ್ಯ ಬೆರೆಸಿ ಕೊಡುತ್ತಾರೆ, ಅವಳು ಉಗುಳುತ್ತಾಳೆ. ಅಂಗಡಿಯ ದರೋಡೆಯ ದೃಶ್ಯದಲ್ಲಿ ಗುಂಡು ಹಾರುತ್ತದೆ, ರಕ್ತದ ವೈಭವವೇನೂ ಇಲ್ಲ. ಮನೆಯಲ್ಲಿ ಅವಳಿಗಿಂತ ಚಿಕ್ಕವರಿದ್ದರೆ ಅವರಿಗೆ ನಾದಿಯಾ ಶಮ್ಮಾಸ್ ಮತ್ತು ನಬಿ ಎಚ್. ಅಲಿ ಅವರು ಇದೇ ಪಾತ್ರವನ್ನಿಟ್ಟು 2021ರಲ್ಲಿ ಮಾಡಿದ ಪ್ರತ್ಯೇಕ ಪುಸ್ತಕವಿದೆ, ನಮ್ಮ ಎಂಟು ವರ್ಷದವನು ಅದನ್ನೇ ಓದಿದ.

ಉತ್ತರ (ಕಲಬುರಗಿ ಮೂಲ, ಡಲ್ಲಾಸ್)

ಧರ್ಮದ ಬಗ್ಗೆ ಷಿಕಾಗೋದವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಈ ಪುಸ್ತಕವನ್ನು ಮನೆಯ ಕಥೆಯೆಂದಷ್ಟೇ ಓದಿದರೆ ಅರ್ಧ ಮಾತ್ರ ಓದಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆರನೆಯ ಸಂಪುಟದಲ್ಲಿ ಕಥೆ 1947ರ ಮುಂಬಯಿಗೆ ಹೋಗುತ್ತದೆ, ಕಮಲಾಳ ಪೂರ್ವಿಕರು ಅಲ್ಲಿಂದ ಹೊರಟು ಕರಾಚಿ ಸೇರುತ್ತಾರೆ. ಹೈದರಾಬಾದ್ ಸಂಸ್ಥಾನದ ನೆನಪುಗಳಿರುವ ನಮ್ಮ ಕಡೆಯ ಮನೆಗಳಲ್ಲಿ ಆ ವರ್ಷಗಳ ಮಾತು ಬಂದರೆ ಹಿರಿಯರು ವಿಷಯ ಬದಲಿಸುತ್ತಾರೆ. ನನ್ನ ಮಗ ಆ ಪುಟಗಳನ್ನು ಹಿಡಿದು ಬಂದು ಪ್ರಶ್ನೆ ಕೇಳಿದಾಗ, ನಕಾಶೆ ತೆಗೆದು ಗಡಿಯ ಎರಡೂ ಕಡೆಯಿಂದ ಜನ ಹೊರಟರೆಂದು ಹೇಳಬೇಕಾಯಿತು. ನಿಮ್ಮ ಮಗಳೂ ಕೇಳುತ್ತಾಳೆ. ಆ ಸಂಪುಟವನ್ನು ಅವಳಿಗಿಂತ ಮೊದಲು ನೀವು ಓದಿಕೊಳ್ಳಿ.

ಉರ್ದು ಬಲ್ಲವರಿಗೆ ಒಂದು ಸಂತೋಷವೂ ಇದೆ. ಮೊದಲ ಸಂಚಿಕೆಯಲ್ಲಿ ಮಂಜಿನ ನಡುವೆ ಕಮಲಾಳಿಗೆ ಕಾಣಿಸಿಕೊಳ್ಳುವ ಕ್ಯಾಪ್ಟನ್ ಮಾರ್ವೆಲ್, ಸಾಸಿವೆ ಹೂ ಅರಳಿದ ವಸಂತವನ್ನು ಕುರಿತ ಅಮೀರ್ ಖುಸ್ರೋ ಸಾಲುಗಳನ್ನು ಹೇಳುತ್ತಾಳೆ! ಎರಡು ಬದಿಯಲ್ಲಿ ಐರನ್ ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ. ಖವ್ವಾಲಿ ಕೇಳಿ ಬೆಳೆದ ನನ್ನಂಥವನಿಗೆ ಅಲ್ಲಿಂದ ಮುಂದಿನ ಪುಟ ತಿರುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.

2022ರ ದೂರದರ್ಶನ ಸರಣಿಯನ್ನು ಮೊದಲು ತೋರಿಸಬೇಡಿ. ಇಮಾನ್ ವೆಲ್ಲಾನಿ ಚೆನ್ನಾಗಿಯೇ ನಟಿಸಿದ್ದಾರೆ. ಆದರೆ ಅಲ್ಲಿ ಮೈ ಹಿಗ್ಗುವ ಶಕ್ತಿಯ ಬದಲು ಕೈಬಳೆಯಿಂದ ಹೊಮ್ಮುವ ಬೆಳಕಿದೆ. ಬೆಂಗಳೂರಿನವರು ಹೇಳಿದ ಆ ವಿಕಾರದ ತಮಾಷೆ ಅದರಲ್ಲಿ ಕಳೆದುಹೋಗಿದೆ.

ಮತ್ತೆ ಪ್ರಶ್ನೆ (ಎಡಿಸನ್)

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಸಂಪುಟವನ್ನು ಗ್ರಂಥಾಲಯದಿಂದ ತಂದು ನಾನೇ ಓದಿದೆ, ಹಿಡಿಸಿತು. ಒಂದು ಚಿಂತೆ ಮಾತ್ರ ಉಳಿದಿದೆ: ಹುಡುಗಿ ಕಿಟಕಿಯಿಂದ ಇಳಿದು ಹೋಗುತ್ತಾಳೆ, ಮನೆಯವರಿಗೆ ಸುಳ್ಳು ಹೇಳುತ್ತಾಳೆ, ಅದಕ್ಕೆ ಶಕ್ತಿಯೇ ಬಹುಮಾನವಾಗಿ ಸಿಗುತ್ತದೆ. ಮುಂದೆಯೂ ಹೀಗೆಯೇ ನಡೆಯುತ್ತದೆಯೇ?

ಉತ್ತರ (ಷಿಕಾಗೋ)

ಇಲ್ಲ ಅಕ್ಕ. ಸುಳ್ಳಿನ ಬೆಲೆಯನ್ನು ಅವಳು ಕೊಡುತ್ತಲೇ ಹೋಗುತ್ತಾಳೆ. ಮೂರನೆಯ ಸಂಪುಟದಲ್ಲಿ ಕಮ್ರಾನ್ ಎಂಬ ಹುಡುಗ ಬರುತ್ತಾನೆ. ಕುಟುಂಬದ ಪರಿಚಯದವನು, ಓದಿನಲ್ಲಿ ಜಾಣ, ತಂದೆತಾಯಿ ಕಣ್ಣು ಮುಚ್ಚಿ ಒಪ್ಪುವಂಥವನು. ಶಾಲೆಗೆ ಬಿಡುತ್ತೇನೆಂದು ಕಾರಿಗೆ ಹತ್ತಿಸಿಕೊಂಡು ಬೇರೆಲ್ಲಿಗೋ ಕರೆದೊಯ್ಯುತ್ತಾನೆ, ಆಮೇಲೆ ನೀನೇ ಇಷ್ಟಪಟ್ಟು ಹತ್ತಿದೆಯಲ್ಲ ಎಂದು ತಪ್ಪನ್ನು ಅವಳ ಮೇಲೆಯೇ ಹೊರಿಸುತ್ತಾನೆ. ಹನ್ನೆರಡರ ಮಗಳಿಗೆ ಅದನ್ನು ಓದಿಸದಿರುವುದಕ್ಕಿಂತ ಓದಿಸುವುದೇ ಒಳ್ಳೆಯದು. ಓದಿದ ಮೇಲೆ ಅವಳಾಗಿ ಮಾತು ತೆಗೆದರೆ ಮಾತಾಡಿ, ಪ್ರಶ್ನೆಪತ್ರಿಕೆ ಹಿಡಿದು ಕೂರಬೇಡಿ.

ನಾಲ್ಕನೆಯ ಸಂಪುಟದಲ್ಲಿ ಕಮಲಾ ಗುಟ್ಟನ್ನು ತಾಯಿಗೆ ಹೇಳಲು ಹೊರಡುತ್ತಾಳೆ. ಮುನೀಬಾ ಅವರಿಗೆ ಅದು ಆಗಲೇ ಗೊತ್ತಿರುತ್ತದೆ. ತಾಯಿ ಏನು ಹೇಳುತ್ತಾರೆಂಬುದನ್ನು ನಾನು ಇಲ್ಲಿ ಬರೆದರೆ ನಿಮ್ಮ ಓದು ಕೆಡುತ್ತದೆ. ಆದ್ದರಿಂದ ಮೊದಲ ನಾಲ್ಕು ಸಂಪುಟಗಳನ್ನು ಒಟ್ಟಿಗೇ ತನ್ನಿ, ಮೂರಕ್ಕೆ ನಿಲ್ಲಿಸಬೇಡಿ. ಉಳಿದ ಆರನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ನಿಮ್ಮ ಮಗಳೇ ಹೇಳುತ್ತಾಳೆ.